ಅವ್ವೆಯ ಮುಂಡಿನ ಮೇಲೆ ಬಿದ್ದ ಹೆಸರು

ನನ್ನ ಅವ್ವೆಯ ಬಿಳಿಯ ಮುಂಡಿನ ಎರಡು ಮೂಲೆಗಳಲ್ಲಿ ಒಂದೊಂದು ತೂತಿದೆ. ನೀಲಗಿರಿಯ ನಮ್ಮ ಬಡಗರ ಹೆಂಗಸರು ಮೈಸುತ್ತ ಹೊದೆಯುವ ಬಟ್ಟೆ ಈ ಮುಂಡು. ಚಳಿಗೆ ಹೊದಿಕೆ, ಹಬ್ಬಕ್ಕೆ ಸಿಂಗಾರ, ಕಣ್ಣೊರೆಸಿಕೊಳ್ಳಲು ಸದಾ ಕೈಗೆ ಸಿಗುವ ಅಂಚು. ಆ ತೂತುಗಳು ಇಲಿ ಕಡಿದದ್ದಲ್ಲ ಗೆಳೆಯರೇ, ಒಲೆಯ ಕಿಡಿ ಹಾರಿದ್ದೂ ಅಲ್ಲ. ನಾನೇ ಹೊಡೆದ ಮೊಳೆಗಳಿಂದ ಆದದ್ದು. ಅವ್ವೆ ಅದನ್ನು ಹೊದ್ದು ಎದುರಿಗೆ ಬಂದಾಗಲೆಲ್ಲ ನನ್ನ ಕಿವಿಗಳು ಇವತ್ತಿಗೂ ಬಿಸಿಯಾಗುತ್ತವೆ.

ಆಗ ನಾನು ಕೂನೂರಿನ ಬಸ್ ನಿಲ್ದಾಣದ ಹತ್ತಿರ ಒಂದು ಸಣ್ಣ ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತಿದ್ದೆ. ವೆಬ್‌ಸೈಟು ಎಂಬುದು ನಮ್ಮ ಬೆಟ್ಟಕ್ಕೆ ಇನ್ನೂ ಹೊಸ ನೆಂಟ. ಅಲ್ಲಿಯವರೆಗೆ ನಾನು ಬರೆಯುತ್ತಿದ್ದ ಪ್ರೋಗ್ರಾಮುಗಳೋ, ಸಂತೆಯಿಂದ ತಂದ ಚೀಲವನ್ನು ಹಾಗೆಯೇ ಸುರಿದಂತೆ: ಬಣ್ಣ, ಲೆಕ್ಕ, ನಿಯಮ, ನೆನಪು ಎಲ್ಲವೂ ಒಂದೇ ಪುಟದಲ್ಲಿ ಕಲಸಿಹೋಗಿರುತ್ತಿದ್ದವು. ಅಂಥ ಹೊತ್ತಿಗೆ ಗೆಳೆಯನೊಬ್ಬ ಕೊಟ್ಟ ಸಿ.ಡಿ.ಯಲ್ಲಿ ಒಂದು ಹೊಸ ಫ್ರೇಮ್‌ವರ್ಕು, ಅಂದರೆ ಪ್ರೋಗ್ರಾಮು ಕಟ್ಟುವುದಕ್ಕೆ ಸಿದ್ಧ ಚೌಕಟ್ಟು, ಸಿಕ್ಕಿತು. ಕೆಲಸವನ್ನು ಮೂರು ಪಾಲು ಮಾಡು ಎಂದು ಅದು ಹೇಳುತ್ತಿತ್ತು. ಸತ್ಯವೂ ನಿಯಮವೂ ಇರುವ ಜಾಗ ಮಾಡೆಲ್; ನೋಡುವವರಿಗೆ ಕಾಣುವ ಮುಖ ವ್ಯೂ; ಇವೆರಡರ ನಡುವೆ ಓಡಾಡುವ ಆಳು ಕಂಟ್ರೋಲರ್. ನಮ್ಮ ಹಳೆಯ ಮನೆಗಳನ್ನು ನೆನೆದುಕೊಂಡರೆ ಇದು ತಟ್ಟನೆ ತಿಳಿಯುತ್ತದೆ. ಹಾಲು ಮಜ್ಜಿಗೆ ಇಡುವ ಒಳಮನೆಗೆ ಬಂದವರೆಲ್ಲ ಕಾಲಿಡುವಂತಿಲ್ಲ. ನೆಂಟರು ಮುಂಗೋಣೆಯಲ್ಲಿ ಕೂರುತ್ತಾರೆ. ಮನೆಯವರೊಬ್ಬರು ಒಳಗೆ ಹೋಗಿ, ಬೇಕಾದಷ್ಟನ್ನು ಲೋಟಕ್ಕೆ ಬಗ್ಗಿಸಿ ತಂದು ಕೊಡುತ್ತಾರೆ. ಇಷ್ಟು ಅರ್ಥವಾದದ್ದೇ ತಡ, ನಾನು ಭೂಮಿಯ ಮೇಲೆ ನಿಲ್ಲಲಿಲ್ಲ. ಹಟ್ಟಿಯ ಹುಡುಗರ ಸಂಘಕ್ಕೆ ಮದುವೆಗೆ ಹೆಣ್ಣುಗಂಡು ಕೂಡಿಸುವ ಒಂದು ವೆಬ್‌ಸೈಟು ಮಾಡಿಕೊಡುತ್ತೇನೆಂದು ಒಪ್ಪಿಕೊಂಡೇಬಿಟ್ಟೆ.

ನಮ್ಮಲ್ಲಿ ಹೆಣ್ಣು ನೋಡುವುದಕ್ಕೆ ಮೊದಲು ಹಟ್ಟಿ ನೋಡಬೇಕು. ಹಟ್ಟಿ ಎಂದರೆ ನಮ್ಮ ಊರು. ಒಂದು ಹಟ್ಟಿಯಲ್ಲಿ ಹುಟ್ಟಿದವರೆಲ್ಲ ಅಣ್ಣ ತಂಗಿಯರು. ಅಲ್ಲಿನ ಗಂಡಸರೆಲ್ಲ ನಮಗೆ ದೊಡ್ಡಪ್ಪ ಚಿಕ್ಕಪ್ಪಂದಿರೇ ಹೊರತು ಒಬ್ಬನನ್ನೂ ಮಾಮ ಎನ್ನುವಂತಿಲ್ಲ. ಇದರ ಮೇಲೆ ಕೆಲವು ಹಟ್ಟಿಗಳು ತಮ್ಮತಮ್ಮೊಳಗೇ ಅಣ್ಣತಮ್ಮ. ಅವುಗಳ ನಡುವೆಯೂ ಕೊಟ್ಟು ತರುವ ಮಾತಿಲ್ಲ. ಇದನ್ನೆಲ್ಲ ಬಲ್ಲ ನಮ್ಮ ಹಿರಿಯರು ಭೋಜ ದೊಡ್ಡಪ್ಪ. ಜಗುಲಿಯ ಬಿಸಿಲಲ್ಲಿ ಕೂತು ಯಾವ ಹಟ್ಟಿಗೆ ಯಾವ ಹಟ್ಟಿ ಅಣ್ಣ, ಯಾವುದು ತಮ್ಮ ಎಂದು ಹೇಳುತ್ತ ಹೋದರು.

“ಬರದ್ಕೋ ಮಗ, ಒಂದನೂ ಬುಡಬೇಡ,” ಎಂದರು.

ಒಂದನ್ನೂ ಬಿಡಲಿಲ್ಲ. ಆದರೆ ನಮ್ಮ ಹಟ್ಟಿಗೆ ನಮ್ಮ ಹಟ್ಟಿಯೇ ಅಣ್ಣತಮ್ಮ ಎಂದು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಬೆಂಕಿ ಸುಡುತ್ತದೆ ಎಂದು ಯಾರಾದರೂ ಯಾರಿಗಾದರೂ ಬರೆಸುತ್ತಾರೆಯೇ? ಕಂಪ್ಯೂಟರಿಗೆ ಮಾತ್ರ ಅದನ್ನೂ ಬರೆದು ಕೊಡಬೇಕಾಗಿತ್ತು.

ಸೆಂಟರಿನಲ್ಲಿ ಮೊದಲ ಸಲ ನನ್ನದೇ ವಿವರ ಹಾಕಿ ನೋಡಿದಾಗ ನಮ್ಮ ಹಟ್ಟಿಯ ಹೆಣ್ಣುಮಕ್ಕಳೇ ಪರದೆಯ ಮೇಲೆ ಸಾಲಾಗಿ ಬಂದರು. ಯಾರಾದರೂ ಕಂಡರೋ ಎಂದು ಹಿಂದೆ ಮುಂದೆ ನೋಡಿದೆ. ಮಾಡೆಲ್ಲಿನ ಒಳಕ್ಕೆ ಹೋಗಿ, ಪ್ರತಿ ಹಟ್ಟಿಯೂ ತನಗೆ ತಾನೇ ಅಣ್ಣತಮ್ಮ ಎಂಬ ಒಂದೇ ಒಂದು ನಿಯಮ ಬರೆದಿದ್ದರೆ ಸಾಕಿತ್ತು. ನಾಚಿಕೆಗೆ ಅಷ್ಟು ವ್ಯವಧಾನ ಎಲ್ಲಿ? ಒಂದೇ ಹಟ್ಟಿಯವರಾದರೆ ತೋರಿಸಬೇಡ ಎಂದು ವ್ಯೂನಲ್ಲಿ, ಅಂದರೆ ಮುಖದಲ್ಲಿ, ಒಂದು ಸಾಲು ಗೀಚಿ ಕೈತೊಳೆದುಕೊಂಡೆ. ಕಸವನ್ನು ಚಾಪೆಯಡಿ ತಳ್ಳಿದಂತಾಯಿತು.

ಹಟ್ಟಿಯ ಸಭಾಮಂದಿರದಲ್ಲಿ ವೆಬ್‌ಸೈಟು ತೋರಿಸುವ ದಿನ ಹತ್ತಿರವಾದಂತೆ ನನ್ನ ಸಂಭ್ರಮ ಮಿತಿಮೀರಿತು. ಪುಟ ಸಪ್ಪೆಯಾಗಿದೆ ಎನಿಸಿ, ಅಂಚಿಗೆಲ್ಲ ಟೀ ಚಿಗುರಿನ ಚಿತ್ರವಿಟ್ಟು ಹೊಸ ಮುಖವನ್ನೇ ಬರೆದು, ಹಳೆಯದನ್ನು ಆ ಗೀಚಿದ ಸಾಲಿನ ಸಮೇತ ಅಳಿಸಿಹಾಕಿದೆ. ಚಾಪೆ ಹೋಯಿತು, ಕಸ ಉಳಿಯಿತು. ನನಗೆ ಅದರ ನೆನಪೇ ಇರಲಿಲ್ಲ.

ಪ್ರೊಜೆಕ್ಟರನ್ನು ಯಾರೋ ತಂದುಕೊಟ್ಟಿದ್ದರು, ಪರದೆ ಮಾತ್ರ ಇರಲಿಲ್ಲ. ಅವ್ವೆ ಟ್ರಂಕಿನಿಂದ ಹೊಸ ಮುಂಡು ತೆಗೆದುಕೊಟ್ಟಳು. ನಾನು ಗೋಡೆಗೆ ಮೊಳೆ ಹೊಡೆದು ಬಿಗಿದೆ. ಮುಂದಿನ ಸಾಲಿನಲ್ಲಿ ಪಕ್ಕದ ಮನೆಯ ಚಿಕ್ಕಪ್ಪನ ಮಗಳು ಸುಮತಿ ಕೂತಿದ್ದಳು. ನಾನು ಎತ್ತಿ ಆಡಿಸಿದ ಹುಡುಗಿ. ಅವಳ ವಿವರವನ್ನು ಚಿಕ್ಕಪ್ಪನೇ ವೆಬ್‌ಸೈಟಿಗೆ ಕೊಟ್ಟಿದ್ದರು. ಅಷ್ಟರಲ್ಲಿ ಇತ್ತಲಾರು ಎಂಬ ಹಟ್ಟಿಯಿಂದ ಒಂದು ಸಂಬಂಧ ಬಂದು, ಆ ಕಡೆಯವರು ಅವತ್ತು ಅವಳನ್ನು ನೋಡಲೆಂದೇ ಬಂದು ಅಲ್ಲಿಯೇ ಕೂತಿದ್ದರು.

“ನಿನ್ನದೇ ಹಾಕಿ ತೋರು, ನೋಡೋಣ,” ಎಂದರು ಭೋಜ ದೊಡ್ಡಪ್ಪ.

ಒತ್ತಿದೆ. ಅವ್ವೆಯ ಮುಂಡಿನ ಮೇಲೆ, ಟೀ ಚಿಗುರುಗಳ ನಡುವೆ, ‘ನಿಮಗೆ ತಕ್ಕ ಹೆಣ್ಣು’ ಎಂಬ ನನ್ನದೇ ಅಕ್ಷರಗಳ ಕೆಳಗೆ ಸುಮತಿಯ ಹೆಸರೂ ಫೋಟೋವೂ ದೊಡ್ಡದಾಗಿ ಬಿದ್ದವು.

ಹಿಂದಿನಿಂದ ಯಾರೋ ಕಿಸಕ್ಕೆಂದರು. “ಏನ ಮಗ ಇದು, ತಂಗೆಯನೇ ಹೆಣ್ಣು ಎಂದು ತೋರುತಲ್ಲ!” ಎಂದರು ದೊಡ್ಡಪ್ಪ. ನಾನು ಹಾರಿ ಬೆಳಕಿಗೆ ಅಂಗೈ ಅಡ್ಡ ಹಿಡಿದೆ. ಆ ಹೆಸರು ಮುಂಡಿನಿಂದ ಹೋಗಿ ನನ್ನ ಅಂಗೈ ಮೇಲೆ ಬಂದು ಕೂತಿತು. ಸುಮತಿ ಎದ್ದು, ತಲೆ ತಗ್ಗಿಸಿ, ಎಲ್ಲರ ಮುಂದೆ ಹಾದು ಹೊರಗೆ ಹೋದಳು. ಆಗ ಇತ್ತಲಾರಿನ ಗಂಡಿನ ತಾಯಿ ಅವ್ವೆಯನ್ನು ಕೇಳಿದ ಮಾತು ಎಲ್ಲರಿಗೂ ಕೇಳಿಸಿತು.

“ಇದು ಮೆಷಿನ ತಪ್ಪಾ, ಇಲ್ಲೆ ಇವನ ಮನಸಾ?”

ಉತ್ತರ ಹೇಳಬೇಕಾದವನು ನಾನು. ನಾನು ಬಗ್ಗಿ ಪ್ಲಗ್ಗು ಕಿತ್ತೆ. ಅವ್ವೆ ಮೊಳೆ ಕೀಳುವಷ್ಟೂ ತಾಳದೆ ಮುಂಡನ್ನು ಸೆಳೆದಳು. ಮೂಲೆಗಳು ಪರ್ರನೆ ಹರಿದವು. “ಎನ್ನ ಬಟ್ಟೆ ಹೋದರೆ ಹೋಗಲಿ. ಆ ಹೆಣ್ಣಿನ ಹೆಸರು?” ಎಂದಳು.

ಮಾಡೆಲ್ಲಿನಲ್ಲಿ ಆ ಒಂದು ನಿಯಮ ಬರೆಯಲು ಮಾರನೆಯ ದಿನ ಕಾಫಿ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ಆದರೆ ಇತ್ತಲಾರಿನ ಕಡೆಯಿಂದ ಮಾತೇ ನಿಂತುಹೋಯಿತು. ಅಲ್ಲಿಗೆ ಹೋಗಿ ನಡೆದದ್ದು ಹೀಗೆ ಎಂದು ಹೇಳುವುದಿರಲಿ, ಚಿಕ್ಕಪ್ಪನ ಬಾಗಿಲಿಗೆ ಹೋಗಲೂ ನನಗೆ ಮುಖವಿರಲಿಲ್ಲ. ಅವರ ಅಂಗಳ ದಾಟಬಾರದೆಂದು ಟೀ ತೋಟದ ಕೆಳದಾರಿ ಹಿಡಿದು, ಪ್ಯಾಂಟೆಲ್ಲ ಮಂಜಿನಲ್ಲಿ ನೆನೆಸಿಕೊಂಡು ಬಸ್ಸಿಗೆ ಹೋಗುತ್ತಿದ್ದೆ. ದಾರಿಯುದ್ದಕ್ಕೂ ಯೋಚನೆ ಒಂದೇ. ಪುಟದಲ್ಲಿ ಮಾಡಿದ್ದನ್ನೇ ನಾನು ಬದುಕಿನಲ್ಲೂ ಮಾಡುತ್ತಿದ್ದೆನಲ್ಲ! ನಾಚಿಕೆಯ ಸ್ವಭಾವವೇ ಇಂಥದು. ಒಳಗಿನದನ್ನು ಸರಿಪಡಿಸು ಎಂದು ಅದು ಹೇಳುವುದಿಲ್ಲ, ಮೊದಲು ಮುಖ ಮುಚ್ಚಿಕೋ ಎನ್ನುತ್ತದೆ. ನನ್ನ ಮುಖವನ್ನು ನಾನು ಚೆನ್ನಾಗಿಯೇ ಮುಚ್ಚಿಕೊಂಡಿದ್ದೆ. ಬಯಲಲ್ಲಿ ಉಳಿದವಳು ಸುಮತಿ.

ಕೊನೆಗೆ ಕೆಲಸ ಮಾಡಿದವಳೂ ಅವಳೇ. ಅಪ್ಪನನ್ನು ಕಾಡಿ ಬೇಡಿ ಇತ್ತಲಾರಿನವರನ್ನು ಮತ್ತೊಮ್ಮೆ ಕರೆಸಿದಳು. ನನ್ನನ್ನೂ ಕರೆದುಕೊಂಡು ಬಾ ಎಂದು ಅವ್ವೆಗೆ ಹೇಳಿಕಳಿಸಿದಳು. ಅವ್ವೆ ರಟ್ಟೆ ಹಿಡಿದು ಎಳೆದುಕೊಂಡು ಹೋದದ್ದರಿಂದ ಹೋದೆ. ಮುಂಗೋಣೆಯಲ್ಲಿ ನೆಂಟರು ಬಿಗುವಾಗಿ ಕೂತಿದ್ದರು. ಸುಮತಿ ಒಳಗಿನಿಂದ ಟೀ ತಟ್ಟೆ ತಂದು, ನೇರ ನನ್ನ ಕೈಗಿಟ್ಟು, ಗಂಡಿನ ತಾಯಿಯ ಕಡೆ ತಿರುಗಿದಳು.

“ಇವ ಎನ್ನ ಅಣ್ಣ. ಎನ್ನ ಎತ್ತಿ ಬೆಳೆಸಿದವ. ಅದನ ಮೆಷಿನುಗ ಹೇಳಲು ಮರೆತ, ಅಷ್ಟೇ. ಅಣ್ಣ, ಅವರಿಗ ಟೀ ಕೊಡು.”

ನನ್ನ ಬಾಯಿಂದ ಬಂದದ್ದು “ಮರೆತೆ” ಎಂಬ ಒಂದೇ ಮಾತು. ತಟ್ಟೆಯನ್ನು ಅವರ ಮುಂದೆ ಹಿಡಿದೆ. ಆ ತಾಯಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನಕ್ಕು, ಲೋಟ ತೆಗೆದುಕೊಂಡರು. ಅಲ್ಲಿಂದ ಮುಂದೆ ಮದುವೆಯ ಮಾತೇ. ಎಲ್ಲರೂ ಹಗುರಾದರು. ನನ್ನ ನಾಚಿಕೆ ಮಾತ್ರ ಆವತ್ತು ಇಮ್ಮಡಿಯಾಯಿತು. ನಾನು ಆಡಬೇಕಾದ ಮಾತನ್ನು ಅವಳು ಆಡಿದ್ದಳು.

ಆ ಮುಂಡನ್ನು ಹೊಲಿಸಿಕೊಡುತ್ತೇನೆಂದು ಎಷ್ಟೋ ಸಲ ಹೇಳಿದೆ. ಅವ್ವೆ ಕೊಡಲೇ ಇಲ್ಲ. ನನ್ನನ್ನು ಚುಚ್ಚುವುದಕ್ಕೇ ಅದನ್ನು ಹೊದೆಯುತ್ತಾಳೆಂದು ಬಹುಕಾಲ ಮುನಿಸಿಕೊಂಡಿದ್ದೆ. ಮೊನ್ನೆ ಸುಮತಿ ತವರಿಗೆ ಬಂದಿದ್ದಳು. ಅವಳ ಪುಟ್ಟ ಮಗಳು ಅವ್ವೆಯ ತೊಡೆಯೇರಿ, ಮುಂಡಿನೊಳಗೆ ಹೊಕ್ಕು, ಮೂಲೆಯ ತೂತಿನಿಂದ ಬೆರಳು ಹೊರಗೆ ಹಾಕಿ ಆಡಿಸುತ್ತ ನನ್ನನ್ನೇ ಕೇಳಿತು.

“ಮಾಮ, ಇದ ಆರು ಮಾಡಿದ್ದು?”

ನಮ್ಮ ಹಟ್ಟಿಯಲ್ಲಿ ಹುಟ್ಟಿದ ಯಾವ ಮಗುವೂ ನನ್ನನ್ನು ಹಾಗೆ ಕರೆಯುವಂತಿಲ್ಲ. ಹಾಗೆ ಕರೆಯಬಹುದಾದದ್ದು ತಂಗಿಯ ಮಗು ಮಾತ್ರ.

“ನಾನೇ,” ಎಂದೆ. ಕಿವಿ ಬಿಸಿಯಾಯಿತು, ಆದರೂ ಈ ಸಲ ಎದ್ದು ಹೋಗದೆ ಅಲ್ಲಿಯೇ ಕೂತಿದ್ದೆ.