ಚಂದ್ರಾಮಪ್ಪನವರ ಅರವಟ್ಟಿಗೆ

ಕೆ.ಆರ್. ಪುರದ ನಮ್ಮ ಅಪಾರ್ಟ್‌ಮೆಂಟಿನ ಕಾಂಪೌಂಡಿನ ಹೊರಗೆ, ಗೇಟಿನ ಪಕ್ಕದಲ್ಲಿ ಒಂದು ನಲ್ಲಿ ಇದೆ. ಅದರ ಮೇಲೆ ಕಪ್ಪು ಗ್ರಾನೈಟಿನಲ್ಲಿ ನಮ್ಮ ಸಂಘದ ಅಧ್ಯಕ್ಷ ರಾಜಶೇಖರ ಅವರ ದಿವಂಗತ ತಾಯಿಯ ಹೆಸರು, ಕೆಳಗೆ ಬಂಗಾರದ ಬಣ್ಣದಲ್ಲಿ ‘ಉಚಿತ ಅರವಟ್ಟಿಗೆ’ ಎಂಬ ಅಕ್ಷರ. ದಾನ ಮಾಡಿದರೆ ಹೀಗೆ ಮಾಡಬೇಕು: ಹೆಸರು ನಮ್ಮದು, ನೀರು ನಮಗೆ ಬೇಡವಾದದ್ದು.

ನಮ್ಮ ಬೋರ್‌ವೆಲ್ ನೀರನ್ನು ಶುದ್ಧ ಮಾಡಲು ಒಂದು ಯಂತ್ರವಿದೆ. ಎರಡು ಕೊಡ ಒಳಗೆ ಹೋದರೆ ಒಂದು ಕೊಡ ಶುದ್ಧವಾಗಿ ನಮ್ಮ ಅಡುಗೆಮನೆಗೆ ಬರುತ್ತದೆ. ಇನ್ನೊಂದು ಕೊಡ, ಎರಡರ ಕೆಡುಕನ್ನೂ ಹೊತ್ತುಕೊಂಡು ಚರಂಡಿಗೆ ಹೋಗುತ್ತದೆ. ಒಂಬತ್ತು ವರ್ಷ ಆ ಯಂತ್ರ ನೋಡಿಕೊಂಡವರು ಸಿಂದಗಿ ಕಡೆಯ ಚಂದ್ರಾಮಪ್ಪ. ನೀರು ಚರಂಡಿ ಪಾಲಾಗುವುದನ್ನು ಕಂಡರೆ ಅವರಿಗೆ ಹೊಟ್ಟೆ ಉರಿಯುತ್ತಿತ್ತು. ಬೇಸಿಗೆಯಲ್ಲಿ ದಾರಿಹೋಕರಿಗೆ ನೀರು ಕೊಡದ ಮನೆಗೆ ಅವರ ಊರಲ್ಲಿ ಹೆಣ್ಣು ಕೊಡುತ್ತಿರಲಿಲ್ಲವಂತೆ. ಮೂರು ವರ್ಷದ ಹಿಂದೆ ಅವರೇ ಆ ಪೈಪನ್ನು ಗೇಟಿನಾಚೆ ತಿರುಗಿಸಿ ನಲ್ಲಿ ಹಾಕಿದರು. ನೀರು ತಿಳಿಯಾಗಿತ್ತು, ವಾಸನೆ ಇರಲಿಲ್ಲ. ಅಧ್ಯಕ್ಷರು ಒಂದೇ ವಾರದಲ್ಲಿ ಗ್ರಾನೈಟ್ ತಂದರು.

ಹಿಂದಿನ ವಠಾರದವರು, ಆಟೋದವರು, ಸೆಕ್ಯುರಿಟಿಯವರು ಎಲ್ಲರಿಗೂ ಅದೇ ನೀರು. ಗೇಟಿನ ಬಳಿ ಹೂ ಮಾರುವ ಪ್ರೇಮಕ್ಕ ದಿನಾ ಎರಡು ಕೊಡ ಮನೆಗೆ ಹೊರುತ್ತಿದ್ದರು. “ನಿಮ್ ಹೊಟ್ಟೆ ತಣ್ಣಗಿರ್ಲಿ, ಚಂದ್ರಾಮಣ್ಣ” ಎಂದು ಅವರು ಹರಸಿದರೆ ಚಂದ್ರಾಮಪ್ಪ ಹೊಸ ಮದುಮಗನಂತೆ ನಾಚುತ್ತಿದ್ದರು.

ಈ ಮನುಷ್ಯನಿಗೆ ಒಂದು ಕೆಟ್ಟ ಚಟವಿತ್ತು, ಪ್ರಾಮಾಣಿಕತೆ. ಯಂತ್ರದ ಪಕ್ಕದಲ್ಲೇ ಕೂತಿದ್ದರೂ ಶುದ್ಧ ನೀರಿನ ಒಂದು ಲೋಟ ಮುಟ್ಟಿದವರಲ್ಲ. “ಅದು ಫ್ಲಾಟಿನವರ ನೀರ್ರಿ” ಎಂದು ಹೊರಗಿನ ನಲ್ಲಿಯಲ್ಲೇ ತಂಬಿಗೆ ತುಂಬಿಕೊಳ್ಳುತ್ತಿದ್ದರು. ನಾವು ಅದನ್ನು ಬಹಳ ಮೆಚ್ಚಿಕೊಂಡಿದ್ದೆವು. ಮೆಚ್ಚಲು ಖರ್ಚೇನೂ ಇಲ್ಲವಲ್ಲ.

ಈ ಮಾರ್ಚಿನಲ್ಲಿ ಫ್ಲಾಟ್ ಕೊಳ್ಳಲು ಬಂದವರೊಬ್ಬರು ನೀರಿನ ಪರೀಕ್ಷೆ ಮಾಡಿಸಿ ಎಂದರು. ಅಡುಗೆಮನೆಯ ನೀರು ಒಂದು ಬಾಟಲಿ ಕಳಿಸಲು ಚಂದ್ರಾಮಪ್ಪನವರಿಗೆ ಹೇಳಿದೆವು. ಅವರು ಎರಡು ಕಳಿಸಿದರು. ತಮ್ಮ ಅರವಟ್ಟಿಗೆಯ ನೀರಿಗೂ ಒಂದು ಶಹಬ್ಬಾಸ್‌ಗಿರಿ ಸಿಗಲಿ ಎಂಬ ಆಸೆ.

ಮೊದಲ ಬಾಟಲಿ ಪಾಸಾಯಿತು. ಎರಡನೆಯದರಲ್ಲಿ ಯುರೇನಿಯಂ, ಮಿತಿಗಿಂತ ಆರು ಪಟ್ಟು. ಆಳದ ಬಂಡೆಯಲ್ಲಿರುವ ಈ ವಿಕಿರಣಶೀಲ ವಸ್ತು ಬೋರ್‌ವೆಲ್ ನೀರಿನಲ್ಲಿ ಕರಗಿ ಬರುತ್ತದಂತೆ, ವರ್ಷಗಟ್ಟಲೆ ಕುಡಿದರೆ ಕಿಡ್ನಿಗೆ ಕೇಡಂತೆ. ಯಂತ್ರ ಅದನ್ನು ನಾಶ ಮಾಡುವುದಿಲ್ಲ, ನಮ್ಮ ನೀರಿನಿಂದ ತೆಗೆದು ಆ ಇನ್ನೊಂದು ಕೊಡಕ್ಕೆ ಸೇರಿಸುತ್ತದೆ. ಅಂದರೆ ನಮ್ಮ ಪಾಲಿನ ವಿಷವನ್ನೂ ಹೊರಗಿನವರಿಗೇ ಧಾರೆಯೆರೆದಿದ್ದೆವು. ಇಷ್ಟು ಧಾರಾಳತನ ನಮ್ಮಲ್ಲಿದೆ ಎಂದು ನಮಗೇ ಗೊತ್ತಿರಲಿಲ್ಲ.

ಸಭೆ ಕೂಡಿತು. “ನೋಡಿ, ನಮ್ ಮಷೀನ್ ಎಷ್ಟ್ ಚೆನ್ನಾಗ್ ಕೆಲ್ಸ ಮಾಡ್ತಿದೆ!” ಎಂದರು ರಾಜಶೇಖರ. ನಾಲ್ಕು ಜನ ಚಪ್ಪಾಳೆ ತಟ್ಟಿದರು.

ಬಾಗಿಲಲ್ಲಿ ನಿಂತಿದ್ದ ಚಂದ್ರಾಮಪ್ಪ ಒಂದು ಹೆಜ್ಜೆ ಒಳಗಿಟ್ಟರು. “ಸಾಹೇಬ್ರ, ಹೊರಗಿನ ನಲ್ಲಿ ಬಂದ್ ಮಾಡ್ಲೇನ್ರಿ?”

“ಬೇಡಪ್ಪ. ಈಗ ಮುಚ್ಚಿದ್ರೆ ಯಾಕೆ ಅಂತ ಕೇಳ್ತಾರೆ. ಫ್ಲಾಟ್ ಸೇಲ್ ಆಗ್ಬೇಕಲ್ಲ? ಬೇಸಿಗೆ ಮುಗೀಲಿ, ಸೈಲೆಂಟಾಗಿ ತೆಗ್ದುಬಿಡೋಣ. ನೀನು ಯಾರ್ ಹತ್ರಾನೂ ಬಾಯ್ ಬಿಡ್ಬೇಡ.”

ಎಲ್ಲರೂ ಕೈ ಎತ್ತಿದರು. ಕಾರ್ಯದರ್ಶಿಯಾದ ನಾನೂ ಎತ್ತಿದೆ. ಈಗ ನಾಚಿಕೆಯಾಗುತ್ತದೆ, ಆಗ ಆಗಲಿಲ್ಲ.

ಮರುದಿನ ಬೆಳಿಗ್ಗೆ ನಾನು ಗೇಟಿನಲ್ಲಿ ಕ್ಯಾಬಿಗೆ ಕಾಯುತ್ತಿದ್ದೆ. ಪ್ರೇಮಕ್ಕನ ಕೊಡ ಅರ್ಧ ತುಂಬಿತ್ತು. ಚಂದ್ರಾಮಪ್ಪ ಬಂದು ನಲ್ಲಿ ನಿಲ್ಲಿಸಿದರು. “ಪ್ರೇಮಕ್ಕ, ಈ ನೀರು ಕುಡೀಬ್ಯಾಡ. ಇದ್ರಾಗ ವಿಷ ಐತಿ” ಎಂದು ಎಲ್ಲವನ್ನೂ ಹೇಳಿಬಿಟ್ಟರು.

ಪ್ರೇಮಕ್ಕ ಬಗ್ಗಿ ಕೊಡದೊಳಗೆ ನೋಡಿದರು. “ಮೊಮ್ಮಗೂಗೆ ಹಾಲಿನ್ ಪುಡಿ ಕಲ್ಸಿದ್ದೂ ಇದ್ರಲ್ಲೇ ಅಲ್ವಾ” ಎಂದರು.

“ನನಗ ಗೊತ್ತಿರಲಿಲ್ಲವ್ವ.”

“ನೀವ್ ಯಾವ್ದು ಕುಡೀತಿದ್ರಿ?”

“ನಾನೂ ಇದನ್ನ.”

“ಒಳ್ಳೇ ನೀರು ಕೈಗೆಟುಕೋ ಹಾಗಿದ್ರೂ?”

“ಅದು ಒಳಗಿನವರದಲ್ಲೇನು?”

ಪ್ರೇಮಕ್ಕ ಕೊಡವನ್ನು ಚರಂಡಿಗೆ ಸುರಿದರು. “ನಿಮ್ಮನ್ನ ಬಯ್ಯೋಣ ಅಂದ್ರೂ ಬಾಯಿ ಬರಲ್ವಲ್ಲಣ್ಣ ನಂಗೆ” ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಅದೇ ಮಧ್ಯಾಹ್ನ ಚಂದ್ರಾಮಪ್ಪ ಸ್ಪ್ಯಾನರ್ ಹಿಡಿದು ಪೈಪುಗಳನ್ನು ಬದಲಿಸಿದರು. ಕೆಟ್ಟ ನೀರು ಮತ್ತೆ ಚರಂಡಿಗೆ, ಶುದ್ಧ ನೀರು ಹೊರಗಿನ ನಲ್ಲಿಗೂ ಹೋಗತೊಡಗಿತು. ನಾಲ್ಕನೇ ದಿನ ಮೇಲಿನ ಮಹಡಿಯಲ್ಲಿ ಕುಡಿಯುವ ನೀರು ಸಾಲದೆ ಬಂದು ಗುಟ್ಟು ರಟ್ಟಾಯಿತು.

“ನಮ್ ನೀರನ್ನ ಹೊರಗ್ ಬಿಡೋಕೆ ನಿಂಗ್ ಯಾರಯ್ಯ ಹೇಳಿದ್ದು?” ಎಂದು ರಾಜಶೇಖರ ಗುಡುಗಿದರು.

“ಕಲ್ಲಿನ ಮ್ಯಾಲೆ ಅರವಟ್ಟಿಗೆ ಅಂತ ಬರಸೀರಿ, ಸಾಹೇಬ್ರ. ನಿಮ್ಮ ಅವ್ವಾರ ಹೆಸರೈತಿ. ಆ ಹೆಸರಿಗಾದ್ರೂ ಕುಡಿಯೂ ನೀರು ಕೊಡಬ್ಯಾಡೇನ್ರಿ?”

ಉತ್ತರ ಇಲ್ಲದಿದ್ದಾಗ ದೊಡ್ಡವರು ಏನು ಮಾಡುತ್ತಾರೋ ಅಧ್ಯಕ್ಷರೂ ಅದನ್ನೇ ಮಾಡಿದರು, ಚಂದ್ರಾಮಪ್ಪನವರನ್ನು ಕೆಲಸದಿಂದ ತೆಗೆದರು. ‘ಸಂಘದ ಆಸ್ತಿಯ ದುರ್ಬಳಕೆ’ ಎಂದು ಪತ್ರ ಟೈಪ್ ಮಾಡಿದವನು ನಾನೇ. ಪೈಪುಗಳನ್ನು ಮೊದಲಿನಂತೆ ಜೋಡಿಸಲು ಗೊತ್ತಿದ್ದವರು ಅವರೊಬ್ಬರೇ ಎಂಬುದು ಆಮೇಲೆ ಹೊಳೆಯಿತು. ಪ್ಲಂಬರ್ ಹುಡುಕುವ ಭಾರ ನನ್ನ ತಲೆಗೆ ಬಂತು. ಎರಡು ತಿಂಗಳಾಯಿತು, ಹೊರಗಿನ ನಲ್ಲಿಯಲ್ಲಿ ಇನ್ನೂ ಶುದ್ಧ ನೀರೇ ಬರುತ್ತಿದೆ. ಏನು ಮಾಡುವುದು, ಇಡೀ ಕೆ.ಆರ್. ಪುರದಲ್ಲಿ ಪ್ಲಂಬರ್‌ಗಳಿಗೆ ಭಾರಿ ಬರ.

ಹೊರಡುವ ದಿನ ಚಂದ್ರಾಮಪ್ಪ ಬೀಗದ ಕೈಯನ್ನು ನನಗೆ ಒಪ್ಪಿಸಿ, ಚೀಲ ಹೆಗಲಿಗೇರಿಸಿ ಗೇಟು ದಾಟಿದರು. ಪ್ರೇಮಕ್ಕ ನಲ್ಲಿಯಿಂದ ಒಂದು ಲೋಟ ತುಂಬಿಸಿ ಮುಂದೆ ಹಿಡಿದರು. ಅವರು ಕೈ ಚಾಚಲಿಲ್ಲ. ಅಪ್ಪಣೆ ಕೇಳುವವರಂತೆ ತಿರುಗಿ ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿದೆ.

“ಕುಡೀರಿ ಅಣ್ಣ,” ಎಂದರು ಪ್ರೇಮಕ್ಕ. “ಈಗ ನೀವೂ ಹೊರಗಿನೋರೇ.”

ಚಂದ್ರಾಮಪ್ಪ ಗಟಗಟ ಕುಡಿದು ಮೀಸೆ ಒರೆಸಿಕೊಂಡರು. “ಸಪ್ಪಗೈತಿ ಬಿಡವ್ವ” ಎಂದು ಲೋಟವನ್ನು ಮತ್ತೆ ನಲ್ಲಿಗೆ ಹಿಡಿದರು.