ಹೆಣದ ಜತೆ ಮಾತಾಡುತ್ತಿದ್ದ ಚಿಕ್ಕಮ್ಮ

ಸತ್ತವರು ತಾವೇ ಸ್ನಾನ ಮಾಡಿಕೊಳ್ಳುವುದಿಲ್ಲ. ಯಾರಾದರೂ ಮಾಡಿಸಬೇಕು. ಯಾರು ಎಂದು ಮಾತ್ರ ನಾವು ವಿಚಾರಿಸಲು ಹೋಗುವುದಿಲ್ಲ.

ಮಸೀದಿಯ ಹಿಂದಿನ ಕೋಣೆಯಲ್ಲಿ ಒಂದು ಕಲ್ಲುಹಾಸು, ಎರಡು ನಲ್ಲಿ. ಅಲ್ಲಿ ಮೂವತ್ತು ವರ್ಷ ಹೆಂಗಸರ ಹೆಣಗಳಿಗೆ ಸ್ನಾನ ಮಾಡಿಸಿದವಳು ಚಿಕ್ಕಮ್ಮ. ಅವಳಿಗಿಂತ ಹಿರಿಯರಿಗೂ ಅವಳು ಚಿಕ್ಕಮ್ಮನೇ. ಅವಳದೊಂದು ಅಭ್ಯಾಸ, ಹೆಣದ ಜತೆ ಮಾತಾಡುವುದು. "ಈ ಕಡೆ ತಿರುಗಮ್ಮ, ಬೆನ್ನು ತೊಳೀಬೇಕು. ನೀರು ಬೆಚ್ಚಗೇ ಇದೆ, ಮುಖ ಗಂಟು ಹಾಕ್ಬೇಡ."

ಆಮೇಲೆ ಆ ಬೀದಿಗೆ ಒಂದು ಧರ್ಮಪ್ರಚಾರದ ಚಳವಳಿ ಬಂತು. ಹುಟ್ಟಿದ್ದು ಒಂದು ದೇಶದಲ್ಲಿ, ಕಚೇರಿ ಇನ್ನೊಂದರಲ್ಲಿ, ಪಾಠ ಹೇಳುವ ಗುರುಗಳು ಮೂರನೆಯದರಲ್ಲಿ. ವಿಮಾನದಲ್ಲಿ ಬಂದವರು ನಾಲ್ಕೇ ಜನ, ಉಳಿದದ್ದೆಲ್ಲ ಫೋನಿನಲ್ಲೇ ಬಂತು. ಹೆಂಗಸರಿಗೂ ಓದಿನ ಬಳಗ ಶುರುವಾಯಿತು. ಒಳ್ಳೆಯದೇ ಆಯಿತು ಅನ್ನಿ. ಹೊಸಿಲು ದಾಟದವರು ವಾರಕ್ಕೆರಡು ಸಲ ಹೊರಬಿದ್ದರು, ಪ್ರಶ್ನೆ ಕೇಳುವುದನ್ನು ಕಲಿತರು. ಮೊದಲ ಪ್ರಶ್ನೆ ಚಿಕ್ಕಮ್ಮನಿಗೇ ಬಿತ್ತು.

"ಹೆಣದ ಜತೆ ಮಾತಾಡ್ಬೇಕು ಅಂತ ಎಲ್ಲಿ ಬರೆದಿದೆ?" ಎಂದಳು ಬಳಗದ ಮುಖ್ಯಸ್ಥೆ, ಔಷಧಿ ಅಂಗಡಿಯವನ ಸೊಸೆ.

"ನಂಗೆ ಓದೋಕೆ ಬರಲ್ಲ ಕಣಮ್ಮ."

"ಅದೇ ಮತ್ತೆ!"

ಕೋಣೆಯ ಗೋಡೆಗೆ ಹದಿನಾಲ್ಕು ಹಂತಗಳ ಪಟ್ಟಿ ಅಂಟಿಸಿದರು. ಹದಿಮೂರು ಚಿಕ್ಕಮ್ಮ ಮಾಡುತ್ತಿದ್ದಂತೆಯೇ ಇದ್ದವು. ಹದಿನಾಲ್ಕನೆಯದು ಮೌನ. ಪ್ಲಾಸ್ಟಿಕ್ ಗೊಂಬೆಯೊಂದನ್ನು ತರಿಸಿ, ಮುಖ್ಯಸ್ಥೆಯೂ ಸೇರಿ ಮೂವರು ಅದನ್ನು ತೊಳೆದು ತೊಳೆದು ಪ್ರಮಾಣಪತ್ರ ಗಿಟ್ಟಿಸಿದರು. ಪ್ರಮಾಣಪತ್ರ ಇಲ್ಲದವರಿಗೆ ಇನ್ನು ಒಳಗೆ ಪ್ರವೇಶವಿಲ್ಲ. ಚಿಕ್ಕಮ್ಮ ಚೊಂಬು ಕೆಳಗಿಟ್ಟು ಬಂದಳು.

ಆದರೆ ಮನೆಯಲ್ಲಿ ಅತ್ತಿಗೆ ಹಾಸಿಗೆ ಹಿಡಿದಿದ್ದಳು. ಇಬ್ಬರೂ ಒಂದೇ ಒಲೆಯ ಮುಂದೆ ನಲವತ್ತು ವರ್ಷ ಕಿತ್ತಾಡಿದವರು. "ನನ್ನ ನೀನೇ ತೊಳೀಬೇಕು. ಆ ಗೊಂಬೆ ಆಡಿಸೋರ ಕೈಗೆ ಕೊಟ್ಟೆ ಅಂದ್ರೆ ನೋಡು," ಎಂದು ಭಾಷೆ ತೆಗೆದುಕೊಂಡಿದ್ದಳು.

ಅತ್ತಿಗೆ ತೀರಿಕೊಂಡದ್ದು ಬೆಳಗಿನ ಹೊತ್ತು. ಮಧ್ಯಾಹ್ನ ಹೆಣ ಮಸೀದಿಯ ಕೋಣೆಗೆ ಬಂತು, ಮೂವರು ಪದವೀಧರೆಯರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಚಿಕ್ಕಮ್ಮ ಹೊರಗೆ ಮೆಟ್ಟಿಲ ಮೇಲೆ ಕೂತಳು. ಅರ್ಧ ಗಂಟೆಯಾದರೂ ನೀರಿನ ಸದ್ದಿಲ್ಲ. ಗೊಂಬೆಯ ಕೈ ಎಳೆದತ್ತ ಬರುತ್ತದೆ. ಅತ್ತಿಗೆಯ ಕೈ ಎದೆಯ ಮೇಲೆ ಸೆಟೆದು ಕೂತಿತ್ತು. ಪಟ್ಟಿಯಲ್ಲಿ ಅದಕ್ಕೆ ಹಂತವಿರಲಿಲ್ಲ.

ಬಾಗಿಲು ತೆರೆಯಿತು. ಔಷಧಿ ಅಂಗಡಿಯವನ ಸೊಸೆಯ ಮುಖ ಬಿಳಿಚಿಕೊಂಡಿತ್ತು. "ಚಿಕ್ಕಮ್ಮಾ, ಸ್ವಲ್ಪ ಬನ್ನಿ. ಆದ್ರೆ ಮಾತಾಡ್ಬಾರ್ದು."

"ಹಂಗಾದ್ರೆ ನೀವೇ ಮಾಡ್ಕೊಳ್ಳಿ."

ಸೊಸೆ ಒಮ್ಮೆ ಪಟ್ಟಿ ನೋಡಿದಳು, ಒಮ್ಮೆ ಹೆಣದ ಕೈ ನೋಡಿದಳು. "ಮೆಲ್ಲಗೆ ಮಾತಾಡಿ."

ಚಿಕ್ಕಮ್ಮ ಬಿಸಿನೀರಲ್ಲಿ ಬಟ್ಟೆ ಅದ್ದಿ ಮೊಣಕೈಗೆ ಸುತ್ತಿದಳು, ಉಜ್ಜಿದಳು. "ಬಿಡೇ ಅತ್ತಿಗೆ, ಜಗಳ ಮುಗೀತು. ಕೈ ಬಿಡು. ಹಾಂ, ಹಂಗೆ." ಕೈ ಸಡಿಲವಾಯಿತು. ಅಷ್ಟು ಹೊತ್ತೂ ನಡುಗುತ್ತಿದ್ದ ಕಿರಿಯವಳೊಬ್ಬಳು ಚೊಂಬು ಎತ್ತಿಕೊಂಡಳು.

"ಸತ್ತೋರಿಗೆ ಕೇಳ್ಸುತ್ತಾ ಚಿಕ್ಕಮ್ಮಾ?"

"ನಂಗೇನು ಗೊತ್ತು? ನಿಂಗೆ ಕೇಳಿಸ್ತಲ್ಲ, ಕೈ ನಡುಗೋದು ನಿಂತ್ಹೋಯ್ತು."

ಆ ವಾರವೇ ಚಳವಳಿ ಹಬ್ಬಿದ್ದ ಹನ್ನೊಂದು ದೇಶಗಳ ಫೋನುಗಳಿಗೆ ಸುದ್ದಿ ಹೋಯಿತು. ತರಬೇತಿ ಪಡೆದ ಮೂವರಿಂದ ಮೊದಲ ಸೇವೆ ಯಶಸ್ವಿ. ಮೌನವಾಗಿ. ಗೋಡೆಯ ಪಟ್ಟಿ ಇನ್ನೂ ಹಾಗೇ ಇದೆ. ಚಿಕ್ಕಮ್ಮನನ್ನು ಈಗ ಹಿಂಬಾಗಿಲಿನಿಂದ ಕರೆಯುತ್ತಾರೆ.

ನಿಮ್ಮ ಬೀದಿಯಲ್ಲೂ ಇಂಥವಳೊಬ್ಬಳಿದ್ದಾಳೆ. ನಿಮ್ಮ ಧರ್ಮ ಯಾವುದೇ ಇರಲಿ, ನಿಮ್ಮ ಗುರು ಯಾವ ದೇಶದಲ್ಲೇ ಕೂತಿರಲಿ, ಅವಳಿಗೆ ಪಾಠ ಹೇಳಲು ಹೋಗುವ ಮೊದಲು ಒಂದು ಸಲ ಅವಳ ಪಕ್ಕ ನಿಂತು ನೀರು ಹೊಯ್ಯಿರಿ.