ಅರ್ಧ ಟ್ಯಾಂಕಿನ ನೀರು

ಬೆಳಿಗ್ಗೆ ಡ್ಯೂಟಿಗೆ ಬಂದ ಕೂಡಲೇ ನಾನು ಮಾಡುವ ಮೊದಲ ಕೆಲಸ ಗಾಡಿಯ ಮೇಲೆ ಹತ್ತಿ, ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ಇಣುಕುವುದು. ನೀರಿನ ಮಟ್ಟ ತೋರಿಸಲು ಕೆಳಗೇ ಒಂದು ಕೊಳವೆ ಇದೆ. ಅದರ ಮೇಲೆ ನನಗೆ ನಂಬಿಕೆಯಿಲ್ಲ. ಮಂಡಿ ಸವೆದಿದೆ, ಏಣಿ ಹತ್ತಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಅವರಿಗೇನು, ಹೇಳಿ ಹೋಗುತ್ತಾರೆ. ನಾನು ಹತ್ತುತ್ತೇನೆ, ಹತ್ತುವಾಗ ಎದುರಿಗೆ ಸಿಕ್ಕಿದವರಿಗೆ ಬೈಯುತ್ತೇನೆ. ಆಮೇಲೆ ಎಂಜಿನ್ ಆಯಿಲು, ಬ್ಯಾಟರಿ, ಟಯರು, ಬ್ರೇಕಿನ ಗಾಳಿ, ಕೊನೆಗೆ ಪಂಪು. ಇಷ್ಟು ವರ್ಷಗಳಲ್ಲಿ ಒಂದು ದಿನವೂ ಇದು ಬದಲಾದದ್ದಿಲ್ಲ, ಒಂದು ದಿನವೂ ಇದನ್ನು ನೋಡಿ ಯಾರೂ ಭೇಷ್ ಎಂದದ್ದೂ ಇಲ್ಲ.

ಅಗ್ನಿಶಾಮಕ ಗಾಡಿಯ ಚಾಲಕ ಎಂದರೆ ಜನ ವೇಗ ಎಂದುಕೊಳ್ಳುತ್ತಾರೆ. ನಾನು ನಿಧಾನಕ್ಕೆ ಹೆಸರಾದವನು. ಬ್ರಹ್ಮಾವರದಿಂದ ಬೈಂದೂರಿನವರೆಗೆ ಹೆದ್ದಾರಿಯಲ್ಲಿ ಸೈರನ್ನು ಬಾರಿಸಿಕೊಂಡು ಹೋಗುವಾಗ ಬೈಕಿನವರು ನನ್ನನ್ನೇ ಹಿಂದೆ ಹಾಕಿ, ತಿರುಗಿ ನೋಡಿ ನಗುವುದುಂಟು. ಇನ್ನು ಕೆಲವರು ಯೂ-ಟರ್ನ್ ದೂರವೆಂದು ರಾಂಗ್ ಸೈಡಿನಲ್ಲೇ ನನ್ನ ಎದುರಿಗೆ ಬರುತ್ತಾರೆ, ಸೈರನ್ನು ನನಗಲ್ಲ ಎಂಬ ಹಾಗೆ ಕೈ ಬೀಸುತ್ತಾರೆ. ಸೈರನ್ನು ದಾರಿ ಕೇಳುತ್ತದೆ ಅಷ್ಟೇ, ಕೊಡುವುದು ಬಿಡುವುದು ಅವರಿಗೆ ಬಿಟ್ಟದ್ದು. ತರಬೇತಿಯಲ್ಲಿ ನಮಗೆ ಇದನ್ನೇ ಹೇಳಿದ್ದರು. ಮಗುಚಿಬಿದ್ದ ಗಾಡಿ ಯಾವ ಬೆಂಕಿಯನ್ನೂ ನಂದಿಸುವುದಿಲ್ಲ ಎಂದೂ ಹೇಳಿದ್ದರು.

ಗಾಡಿ ಮಗುಚುವುದು ಹೆಚ್ಚಾಗಿ ನೀರಿನಿಂದ. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆಯನ್ನು ಊರಿನವರು ದೊಡ್ಡ ವಿದ್ವಾಂಸರಿಗೆ ಹೇಳುತ್ತಾರೆ, ನಾವು ಗಾಡಿಗೆ ಹೇಳುತ್ತೇವೆ. ಟ್ಯಾಂಕು ತುಂಬಿದ್ದರೆ ನೀರು ಕಲ್ಲಿನ ಹಾಗೆ ಕೂತಿರುತ್ತದೆ. ಖಾಲಿಯಾದರೆ ಚಿಂತೆಯೇ ಇಲ್ಲ. ಅರ್ಧ ಇದ್ದರೆ ಮಾತ್ರ ನೀರಿಗೆ ಆಡಲು ಜಾಗ ಸಿಗುತ್ತದೆ. ಬ್ರೇಕ್ ಹಾಕಿದರೆ ಮುಂದಕ್ಕೆ ನುಗ್ಗುತ್ತದೆ, ತಿರುಗಿಸಿದರೆ ಹೊರಮಗ್ಗುಲಿಗೆ ಹೋಗಿ ಗುದ್ದುತ್ತದೆ. ಒಳಗೆ ಅಡ್ಡ ತಗಡುಗಳಿವೆ, ಅವು ಸ್ವಲ್ಪ ತಡೆಯುತ್ತವೆ, ಪೂರಾ ಅಲ್ಲ. ಇಲಾಖೆಗೆ ಸೇರುವ ಮೊದಲು ನಾನು ಮೀನಿನ ಲಾರಿ ಓಡಿಸುತ್ತಿದ್ದೆ. ಐಸು ಕರಗಿದ ನೀರು ಹಿಂದಿನಿಂದ ದೂಡುವುದು ಬೆನ್ನಿಗೆ ಗೊತ್ತಿತ್ತು. ಆದರೆ ಅದು ಬಾಲ್ದಿಯ ಲೆಕ್ಕದ ನೀರು. ಇದು ಒಂದು ಸಣ್ಣ ಬಾವಿಯನ್ನೇ ಬೆನ್ನಿಗೆ ಕಟ್ಟಿಕೊಂಡ ಹಾಗೆ.

ಬೈಂದೂರಿನ ಕಡೆ ಒಂದು ಗುಡ್ಡೆ ಇದೆ. ಮೇಲೆ ಚಪ್ಪಟೆಯಾದ ಕೆಂಪು ಮುರಕಲ್ಲಿನ ಬಯಲು, ಮುಳಿಹುಲ್ಲು, ಅಲ್ಲಲ್ಲಿ ಗೇರುಮರ, ಅಂಚಿನಲ್ಲಿ ಕೆಲವು ಮನೆಗಳು. ಹತ್ತುವ ರಸ್ತೆಗೆ ಕಾಂಕ್ರೀಟು ಹಾಕಿದ್ದಾರೆ, ಆದರೆ ನಡುವೆ ಒಂದು ತಿರುವು ಕೈಬಳೆಯ ಹಾಗೆ ಬಾಗಿದೆ, ಅದರ ಹೊರಬದಿಗೆ ಮಳೆನೀರು ಹರಿಯುವ ಆಳದ ತೋಡು. ಏಪ್ರಿಲ್ ಬಂತೆಂದರೆ ಅಲ್ಲಿನ ಬಾವಿಗಳಲ್ಲಿ ತಳದ ಕಲ್ಲು ಕಾಣುತ್ತದೆ. ನೀರಿನ ಟ್ಯಾಂಕರು ಬರುವುದಿದ್ದರೂ ಕೆಳಗೆ ಬಸ್‌ಸ್ಟಾಪಿನಲ್ಲೇ ನಿಲ್ಲುತ್ತದೆ, ಆ ತಿರುವು ಹತ್ತುವ ಧೈರ್ಯ ಅದರ ಡ್ರೈವರನಿಗಿಲ್ಲ. ಹೆಂಗಸರು ತಲೆಯ ಮೇಲೆ ಹೊತ್ತು ಹತ್ತಬೇಕು.

ಮೊದಲ ಸಲ ಅಲ್ಲಿಗೆ ಹೋದದ್ದು ಹುಲ್ಲಿಗೆ ಬೆಂಕಿ ಬಿದ್ದಾಗ. ಅರ್ಧ ನೀರಿನಲ್ಲೇ ಕೆಲಸ ಮುಗಿಯಿತು. ಇಳಿಯುವ ಮೊದಲು ಆ ತಿರುವಿನ ನೆನಪಾಗಿ, ಉಳಿದದ್ದನ್ನು ಇಲ್ಲೇ ಬಿಟ್ಟು ಹೋಗೋಣ ಎಂದು ನಾನೇ ಹೇಳಿದೆ. ಅಂಚಿನ ಮನೆಯ ಹೆಂಗಸು ಅದನ್ನು ಕೇಳಿಸಿಕೊಂಡಳು. ಐವತ್ತರ ಆಚೆಯ ಮೀನು ಮಾರುವವಳು. ಬುಟ್ಟಿ ಹೊತ್ತು ಕುತ್ತಿಗೆ ಗಟ್ಟಿಯಾಗಿತ್ತು. ನೆಲಕ್ಕೆ ಬಿಡುವ ನೀರನ್ನು ನಮಗಾದರೂ ಬಿಡಿ ಎಂದು ಕೇಳಿದಳು. ಬಿಟ್ಟೆವು. ಕೊಡಪಾನ, ಡ್ರಮ್ಮು, ಹಂಡೆ, ಮಗುವಿನ ಮೀಯುವ ಟಬ್ಬು, ಎಲ್ಲವೂ ಬಂದವು. ಕುಡಿಯುವ ನೀರಲ್ಲ ಎಂದು ನಾನು ಹೇಳಿದೆ. ದನಕ್ಕೆ ಆಗುತ್ತದೆ, ಬಟ್ಟೆಗೆ ಆಗುತ್ತದೆ ಎಂದಳು. ಹಗುರವಾದ ಗಾಡಿಯಲ್ಲಿ, ಮನಸ್ಸೂ ಹಗುರವಾಗಿ ಇಳಿದೆ. ಮನೆಯಲ್ಲಿ ಹೇಳಿದಾಗ ಹೆಂಡತಿ, ಪುಣ್ಯ ಬಂತೆಂದು ಇನ್ನು ದಿನಾ ಆ ಗುಡ್ಡೆಗೇ ಹೋಗಬೇಡಿ ಎಂದು ತಮಾಷೆ ಮಾಡಿದಳು.

ಅವಳ ಬಾಯಿಯಲ್ಲಿ ಏನಿತ್ತೋ, ಕೆಲವೇ ದಿನಗಳಲ್ಲಿ ಅದೇ ಗುಡ್ಡೆಯಿಂದ ಕರೆ ಬಂತು. ಹೋಗಿ ನೋಡಿದರೆ ಬೆಂಕಿ ಇನ್ನೂ ಬಯಲಿನಲ್ಲಿ ಹರಡುತ್ತಿದೆ, ಆದರೆ ಗೇರುಮರದ ನೆರಳಿನಲ್ಲಿ ಕೊಡಪಾನಗಳು ಸಾಲಾಗಿ ನಿಂತಿವೆ. ತೊಳೆದು, ಬಾಯಿ ಮೇಲೆ ಮಾಡಿ ಇಟ್ಟಿದ್ದರು. ಬೆಂಕಿ ಹೊತ್ತಿದ ಮನೆಯವರು ಮೊದಲು ಪಾತ್ರೆ ತೊಳೆಯುವುದಿಲ್ಲ ಎಂದು ತಿಳಿಯಲು ಇಲಾಖೆಯ ತರಬೇತಿ ಬೇಕಿಲ್ಲ. ಬೆಂಕಿ ನಂದುವವರೆಗೆ ತಡೆದುಕೊಂಡಿದ್ದ ಸಿಟ್ಟು ಆಮೇಲೆ ನೆತ್ತಿಗೇರಿತು. ಮಂಡಿ ನೋವು, ಬಿಸಿಲು, ಊಟ ಬಿಟ್ಟು ಬಂದದ್ದು, ಎಲ್ಲಾ ಸೇರಿ ಆ ಹೆಂಗಸಿನ ಮೇಲೆ ಹರಿಹಾಯ್ದೆ. ಬೆಂಕಿ ನೀವೇ ಕೊಟ್ಟದ್ದಲ್ಲವೇ ಎಂದು ಕೇಳಿದೆ.

ಅವಳು ಅಲ್ಲ ಎನ್ನಲಿಲ್ಲ.

"ಎಂತ ಮಾಡುದ್ ಅಣ್ಣ," ಎಂದಳು. "ನೀರಿಲ್ಲ ಅಂದೇಳಿ ಹೇಳ್ರೆ ಯಾರೂ ಬತ್ತಿಲ್ಲ. ಬೆಂಕಿ ಅಂದೇಳ್ರೆ ನೀವ್ ಬತ್ರಿ."

ನನ್ನ ಹಿಂದೆ ನಿಂತಿದ್ದ ನಮ್ಮ ಅಧಿಕಾರಿಯೂ ಅದನ್ನು ಕೇಳಿಸಿಕೊಂಡರು. ಅವರು ಬಯಲುಸೀಮೆಯ ಕಡೆಯವರು, ಆಡುವ ಮಾತು ಕಡಿಮೆ, ಮನುಷ್ಯ ಕೆಟ್ಟವರಲ್ಲ. ಅವರು ಏನಾದರೂ ಹೇಳುವ ಮೊದಲೇ ವೈರ್‌ಲೆಸ್ ಕೂಗಿತು. ಗುಲ್ವಾಡಿಯ ಕಡೆ ಒಂದು ಮನೆಯ ಅಡುಗೆಕೋಣೆಯಲ್ಲಿ ಗ್ಯಾಸಿಗೆ ಬೆಂಕಿ. ಬೇರೆ ಗಾಡಿ ಇನ್ನೊಂದು ಕಡೆ ಹೋಗಿತ್ತು, ನಾವೇ ಹೋಗಬೇಕು. ಟ್ಯಾಂಕಿನಲ್ಲಿ ಅರ್ಧ ನೀರಿತ್ತು. ಅದನ್ನು ಚೆಲ್ಲುವ ಹಾಗಿಲ್ಲ, ಮುಂದಿನ ಬೆಂಕಿಗೆ ಅದೇ ಬೇಕು.

ಆ ಇಳಿಜಾರನ್ನು ನಾನು ಮೊದಲ ಗೇರಿನಲ್ಲಿ ಇಳಿದೆ. ಬ್ರೇಕನ್ನು ಒತ್ತಿ ಹಿಡಿಯದೆ, ಮುಟ್ಟಿ ಮುಟ್ಟಿ ಬಿಡುತ್ತಾ ಬಂದೆ. ತಿರುವಿನಲ್ಲಿ ಎಷ್ಟು ನಿಧಾನ ಮಾಡಿದರೂ ನೀರು ತೋಡಿನ ಬದಿಗೆ ಸರಿದದ್ದು ಸೀಟಿನಲ್ಲೇ ತಿಳಿಯಿತು. ಒಳಬದಿಯ ಚಕ್ರ ಹಗುರವಾಯಿತು. ಸ್ಟೇರಿಂಗನ್ನು ಎಳೆಯದೆ ಹಾಗೇ ಹಿಡಿದೆ, ನೀರು ತಿರುಗಿ ಬಂತು, ಚಕ್ರ ನೆಲ ಹಿಡಿಯಿತು. ನಾವು ಗುಲ್ವಾಡಿ ಮುಟ್ಟುವಾಗ ಅಡುಗೆಕೋಣೆ ಪೂರಾ ಹೋಗಿತ್ತು, ಜೀವಕ್ಕೆ ಏನೂ ಆಗಿರಲಿಲ್ಲ. ಆ ಮನೆಯ ಯಜಮಾನರು ಯಾಕೆ ಇಷ್ಟು ತಡ ಎಂದು ಕೇಳಿದರು. ಗುಡ್ಡೆಯ ಮೇಲೆ ಹುಲ್ಲು ನಂದಿಸುತ್ತಿದ್ದೆವು ಎನ್ನುವ ಬದಲು ನಾನು ಪೈಪು ಸುತ್ತಲು ಹೋದೆ.

ಠಾಣೆಗೆ ಬಂದ ಮೇಲೆ ಅಧಿಕಾರಿ ನನ್ನನ್ನು ಕರೆದು ಕೂರಿಸಿ ಚಹಾ ತರಿಸಿದರು. ಆ ಹೆಂಗಸಿನ ಮೇಲೆ ಕೇಸು ಹಾಕುವುದಿಲ್ಲ ಎಂದರು. ಆದರೆ ಇನ್ನು ಆ ತಿರುವನ್ನು ಅರ್ಧ ಟ್ಯಾಂಕಿನಲ್ಲಿ ಇಳಿಯಕೂಡದು, ಉಳಿದ ನೀರನ್ನು ಮೇಲೆಯೇ ಖಾಲಿ ಮಾಡಬೇಕು, ಮತ್ತು ಒಂದು ಕೊಡವೂ ಅವರಿಗೆ ಸಿಗಬಾರದು. ಸಿಕ್ಕಿದರೆ ಮತ್ತೆ ಬೆಂಕಿ ಬೀಳುತ್ತದೆ, ಮತ್ತೆ ಯಾರದೋ ಅಡುಗೆಕೋಣೆ ಹೋಗುತ್ತದೆ. ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ. ಇಂದಿಗೂ ಆಗಿಲ್ಲ, ಅದೇ ನನ್ನ ಕಷ್ಟ.

ಮೂರನೆಯ ಕರೆ ಬಂತು. ಕೊಡಪಾನಗಳು ಅದೇ ಗೇರುಮರದ ಕೆಳಗೆ ಕಾದಿದ್ದವು. ಬೆಂಕಿ ನಂದಿದ ಮೇಲೆ ಅಧಿಕಾರಿ ನನ್ನ ಮುಖ ನೋಡದೆ ಹೇಳಿದರು.

"ಖಾಲಿ ಮಾಡಿ. ಅವರ ಕೊಡಕ್ಕೆ ಬೇಡ, ನೆಲಕ್ಕೆ."

ನಾನು ವಾಲ್ವು ತಿರುಗಿಸಿದೆ. ಟ್ಯಾಂಕು ಖಾಲಿಯಾಗುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನನಗೆ ಅಂದಿನವರೆಗೆ ಗೊತ್ತಿರಲಿಲ್ಲ ಎನಿಸಿತು. ನೀರು ಮುರಕಲ್ಲಿನ ಮೇಲೆ ಹರಿಯಿತು, ಸುಟ್ಟ ಹುಲ್ಲಿನ ಕರಿಯನ್ನು ತೇಲಿಸಿಕೊಂಡು ಬಿರುಕುಗಳೊಳಗೆ ಇಳಿದು ಹೋಯಿತು. ಹೆಂಗಸರು ಜಗಳ ಮಾಡುತ್ತಾರೆ, ನಮ್ಮ ಊರಿನ ಬೈಗುಳಗಳೆಲ್ಲ ಬರುತ್ತವೆ ಎಂದು ನಾನು ಹೆಗಲು ಬಿಗಿ ಮಾಡಿಕೊಂಡು ನಿಂತಿದ್ದೆ. ಬೈದಿದ್ದರೆ ಒಳ್ಳೆಯದಿತ್ತು. ಮೀನು ಮಾರುವವಳು ಕೊಡಪಾನಗಳನ್ನು ಒಂದೊಂದಾಗಿ ಬೋರಲು ಹಾಕಿ ಒಳಗೆ ಹೋದಳು. ಅಂದು ರಾತ್ರಿ ಮೀಯಲು ಬಚ್ಚಲಿಗೆ ಹೋದವನು ನೀರು ಹೊಯ್ದುಕೊಳ್ಳದೆ ಸುಮ್ಮನೆ ಕೂತಿದ್ದೆ. ಹೆಂಡತಿ ಹೊರಗಿನಿಂದ ಎರಡು ಸಲ ಕರೆದಳು.

ಅದರ ನಂತರ ಗುಡ್ಡೆಯಿಂದ ಕರೆ ಬರಲಿಲ್ಲ. ಅಧಿಕಾರಿಯ ಲೆಕ್ಕ ಸರಿಯಾಗಿತ್ತು. ನಾವು ಹಂಗಾರಕಟ್ಟೆಯಲ್ಲಿ ಮರ ಕೊಯ್ಯುವ ಶೆಡ್ಡಿಗೆ ಹೋದೆವು, ಸಾಸ್ತಾನದ ಟೋಲಿನ ಹತ್ತಿರ ಹೊಗೆಯಾಡುತ್ತಿದ್ದ ಕಾರಿಗೆ ಹೋದೆವು, ಬಾವಿಗೆ ಬಿದ್ದ ದನಕ್ಕೂ ಹೋದೆವು. ಬೇಸಗೆ ಎಂದರೆ ನಮಗೆ ಹೀಗೇ, ಒಂದರ ಬೂಟು ಒಣಗುವ ಮೊದಲು ಇನ್ನೊಂದು.

ಮೇ ತಿಂಗಳ ಕೊನೆಗೆ ಒಂದು ಮಧ್ಯಾಹ್ನ ಬಸ್ಸಿನ ಕಂಡಕ್ಟರೊಬ್ಬರು ಫೋನು ಮಾಡಿದರು. ಗುಡ್ಡೆಯ ಮೇಲೆ ಮನೆಗಳ ಪಕ್ಕದಲ್ಲೇ ಹೊಗೆ ಕಾಣುತ್ತಿದೆ ಎಂದರು. ಗುಡ್ಡೆಯವರು ಯಾರೂ ಮಾಡಿರಲಿಲ್ಲ. ತುಂಬಿದ ಟ್ಯಾಂಕಿನಲ್ಲಿ ಹತ್ತಿದೆ. ಈ ಸಲ ಗೇರುಮರದ ಕೆಳಗೆ ಏನೂ ಇರಲಿಲ್ಲ.

ಮೀನು ಮಾರುವವಳ ದನದ ಹಟ್ಟಿಯ, ತೆಂಗಿನ ಮಡಲು ಹೊದೆಸಿದ ಮಾಡು ಅರ್ಧ ಸುಟ್ಟಿತ್ತು. ಕರೆಂಟಿನ ತಂತಿಯ ಕಿಡಿ ಒಣ ಮಡಲಿನ ಮೇಲೆ ಬಿದ್ದದ್ದು ಮೇಲೆ ನೋಡಿದರೆ ಕಾಣುತ್ತಿತ್ತು. ಬೆಂಕಿ ನಂದಿಯಾಗಿತ್ತು. ದನವನ್ನು ಹೊರಗೆ ಕಟ್ಟಿದ್ದರು. ಅಂಗಳದ ತುಂಬ ಡ್ರಮ್ಮು, ಹಂಡೆ, ಕೊಡಪಾನ ಉರುಳಿ ಬಿದ್ದಿದ್ದವು, ಎಲ್ಲಾ ಖಾಲಿ. ಬೆಳಿಗ್ಗೆ ಟ್ಯಾಂಕರು ಬಂದಿತ್ತಂತೆ. ಕೆಳಗಿನಿಂದ ಹೊತ್ತು ತಂದ ಕುಡಿಯುವ ನೀರನ್ನೆಲ್ಲ ಅಕ್ಕಪಕ್ಕದವರೂ ಸೇರಿ ಮಾಡಿನ ಮೇಲೆ ಎಸೆದಿದ್ದರು. ಅವಳ ಕೈಯ ಮೇಲೆ ಬೊಕ್ಕೆ ಎದ್ದಿತ್ತು.

ನಮಗೆ ಯಾಕೆ ಫೋನು ಮಾಡಲಿಲ್ಲ ಎಂದು ಅಧಿಕಾರಿ ಕೇಳಿದರು. ಅವರು ಆ ಖಾಲಿ ಪಾತ್ರೆಗಳನ್ನು ನೋಡಿದರು, ನನ್ನನ್ನು ನೋಡಿದರು, ಕೊಡಿ ಎಂಬ ಹಾಗೆ ತಲೆಯಾಡಿಸಿದರು. ನನಗೆ ಅಷ್ಟು ಸಾಕಿತ್ತು. ಪೈಪು ಎಳೆದುಕೊಂಡು ಅವಳ ಹತ್ತಿರ ಹೋಗಿ, ಕುಡಿಯಲು ಕೆಳಗಿನಿಂದ ತರಿಸುತ್ತೇವೆ, ಉಳಿದದ್ದಕ್ಕೆ ಇದನ್ನು ತೆಗೆದುಕೊಳ್ಳಿ, ಕೊಡಪಾನ ನೆಟ್ಟಗೆ ಇಡಿ ಎಂದೆ.

"ಬ್ಯಾಡ ಅಣ್ಣ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ನನ್ನಷ್ಟೇ ಸುಸ್ತಾಗಿದ್ದಳು. "ಈಗ ನಿಮ್ಮ್ ನೀರ್ ತಕಂಡ್ರೆ, ಈ ಬೆಂಕಿಯೂ ನಾವೇ ಕೊಟ್ದ್ ಅಂದೇಳಿ ಆತ್ತ್."

ನಾನು ಮತ್ತೆ ಹೇಳಿದೆ. ಅಧಿಕಾರಿಯೂ ಹೇಳಿದರು, ನಾವು ಹಾಗೆ ತಿಳಿಯುವುದಿಲ್ಲ ಎಂದರು. ಅವಳು ಸುಟ್ಟ ಮಡಲನ್ನು ಎಳೆದು ಹಾಕುವುದರಲ್ಲಿ ತೊಡಗಿದಳು. ಅವಳ ಪಕ್ಕದ ಮನೆಯವರೂ ಪಾತ್ರೆ ತರಲಿಲ್ಲ. ಪೈಪು ಸುತ್ತಿ ಒಳಗಿಟ್ಟೆವು.

ಆ ಗುಡ್ಡೆಯನ್ನು ತುಂಬಿದ ಟ್ಯಾಂಕಿನೊಂದಿಗೆ ಇಳಿದದ್ದು ಅದೊಂದೇ ಸಲ. ತಿರುವು ಬಂತು. ಗಾಡಿ ಅತ್ತ ಇತ್ತ ವಾಲಲಿಲ್ಲ, ಚಕ್ರ ಹಗುರವಾಗಲಿಲ್ಲ, ನನ್ನ ಬೆನ್ನ ಹಿಂದೆ ನೀರು ಒಂದು ಹನಿಯೂ ತುಳುಕಲಿಲ್ಲ.